ಜೋಡಣೆ ಒಂದು, ಜೋಡಣೆ ಎರಡು

ಪೃಥ್ವಿ, ಮೇಘನಾ,

ಹೋದ ವಾರ ಕಣ್ಣು ತೋರಿಸಲು ಪಿರಿಯಾಪಟ್ಟಣಕ್ಕೆ ಹೋಗಿದ್ದೆನಲ್ಲ, ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪಿನ ವಾಸನೆ ಬಂತು. ಸೊಪ್ಪು ಹದ ಮಾಡುವ ಗೂಡು, ಬ್ಯಾರನ್ ಅನ್ನುತ್ತೇವಲ್ಲ, ಅದರ ಕಾವಿಗೆ ಹಸಿರು ಸೊಪ್ಪು ಹಳದಿಗೆ ತಿರುಗುವಾಗ ಬರುವ ವಾಸನೆ. ಅದರಲ್ಲಿ ಸ್ವಲ್ಪ ಸಿಹಿ ಇರುತ್ತದೆ, ಒದ್ದೆ ಸೌದೆಯ ಹೊಗೆಯೂ ಇರುತ್ತದೆ. ನಮ್ಮ ಮನೆಯ ಬ್ಯಾರನ್ ನಿಂತು ವರ್ಷಗಳಾದವು. ಈಗ ಅದರಲ್ಲಿ ನೀವು ಓಡಿಸಿ ಬಿಟ್ಟ ಸೈಕಲ್ಲುಗಳೂ ಹಳೆಯ ಕಂಪ್ಯೂಟರ್ ಪೆಟ್ಟಿಗೆಗಳೂ ಇವೆ. ಆದರೆ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ. ಪೃಥ್ವಿ, ಆಗ ನೀನು ನಿಮ್ಮ ಅಮ್ಮನ ಹೊಟ್ಟೆಯಲ್ಲಿದ್ದೆ.

ಆ ವರ್ಷ ನಿಮ್ಮ ಅಮ್ಮ ಪ್ರಭಾಳಿಗೂ ಅವಳ ಅಪ್ಪ, ಕೆ.ಆರ್. ನಗರದ ತಾತನಿಗೂ ಮಾತು ನಿಂತಿತ್ತು. ಯಾಕೆ ಎಂದು ನೀವು ಒಂದೆರಡು ಸಲ ಕೇಳಿದ್ದೀರಿ. ಪ್ರಭಾ ನಕ್ಕು ಮಾತು ಮರೆಸುತ್ತಾಳೆ. ತಾತ ಈಗಿಲ್ಲ. ನಾನು ಮಿರ್ಲೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಕಂಪ್ಯೂಟರಿನ ವಿಷಯ ಬರೆಯಲು ನನಗೆ ಅರ್ಹತೆ ಇಲ್ಲ. ಆದರೂ ಕಣ್ಣಾರೆ ನೋಡಿದ್ದನ್ನು, ಪ್ರಭಾ ನನಗೆ ತಿಳಿಯುವ ಹಾಗೆ ಹೇಳಿದ್ದನ್ನು ಬರೆಯಬಹುದು ಅಂದುಕೊಂಡಿದ್ದೇನೆ. ಎದುರಿಗೆ ಕೂತು ಹೇಳು ಎಂದರೆ ನನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಿಮ್ಮ ಅಜ್ಜ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನ ಮಗ, ನಿಮ್ಮ ಅಪ್ಪ ಮಾದೇವ ಹೊಗೆಸೊಪ್ಪಿನ ಬೇಸಾಯ ಮಾಡಿಕೊಂಡಿದ್ದ. ಪ್ರಭಾ ಹಗಲು ಹುಣಸೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ಉಗ್ರಾಣದ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಆ ಕಡೆ ರಾಗಿ ಮೂಟೆ, ಈ ಕಡೆ ಸೊಪ್ಪು ಕಟ್ಟುವ ಕಡ್ಡಿಗಳ ಕಟ್ಟು, ನಡುವೆ ಕಂಪ್ಯೂಟರು. ಗೋಡೆಯಾಚೆಗೇ ಬ್ಯಾರನ್ ಇದ್ದದ್ದರಿಂದ ಮಳೆಗಾಲದಲ್ಲೂ ಆ ಮೂಲೆ ಬೆಚ್ಚಗಿರುತ್ತಿತ್ತು.

ಅವಳು ಅಲ್ಲಿ ಮಾಡುತ್ತಿದ್ದುದು ಪ್ಯಾಕೇಜ್ ಕಟ್ಟುವ ಕೆಲಸ. ಲಿನಕ್ಸ್ ಎಂಬುದನ್ನು ಒಬ್ಬರೇ ಕೂತು ಮಾಡುವುದಲ್ಲವಂತೆ. ಎಲ್ಲೆಲ್ಲೋ ಇರುವ ಜನ ಒಂದೊಂದು ಪ್ರೋಗ್ರಾಮ್ ಬರೆಯುತ್ತಾರೆ. ಅವನ್ನೆಲ್ಲ ಒಂದೆಡೆ ತಂದು, ಒಂದಕ್ಕೊಂದು ಹೊಂದುವ ಹಾಗೆ ಮಾಡಿ, ಬೇಕಾದವರಿಗೆ ಕೊಡುವ ಗುಂಪುಗಳಿವೆ. ಅದಕ್ಕೆ ಡಿಸ್ಟ್ರೋ ಎನ್ನುತ್ತಿದ್ದರು. ಅಂಥ ಒಂದು ಗುಂಪಿಗೆ ಪ್ರಭಾ ಸೇರಿದ್ದಳು. ಪ್ರೋಗ್ರಾಮನ್ನು ಗಂಟು ಕಟ್ಟಿ, ಮೇಲೆ ಹೆಸರೂ ನಂಬರೂ ಹಾಕಿ, ಇದು ನಡೆಯಬೇಕಾದರೆ ಇಂಥಿಂಥದು ಜೊತೆಗಿರಬೇಕು ಎಂದು ಸೂಚಿಸಿ ಇಡುವುದು ಅವಳ ಪಾಲಿನ ಕೆಲಸ. ಕನ್ನಡಕ್ಕೆ ಸಂಬಂಧಿಸಿದ ಗಂಟುಗಳೆಲ್ಲ ಅವಳದೇ. ಪರದೆಯ ಮೇಲೆ ಅಕ್ಷರ ಸರಿಯಾಗಿ ಮೂಡಿದೆಯೇ ಎಂದು ಓದಿ ಹೇಳಲು ನನ್ನನ್ನು ಕೂರಿಸುತ್ತಿದ್ದಳು. ನಾನು ಅಕ್ಕಿ ಆರಿಸುತ್ತಾ ಓದುತ್ತಿದ್ದೆ.

ಆ ಗಂಟುಗಳಲ್ಲಿ ಒಂದರ ಹೆಸರು ‘ಜೋಡಣೆ’. ಅದನ್ನು ಬರೆದವರು ನಿಮ್ಮ ತಾತ, ಚನ್ನಬಸಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದ ಮೇಲೆ ಕಂಪ್ಯೂಟರ್ ಕಲಿತವರು. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸಿ ಪರದೆಯ ಮೇಲೆ ಬರೆಯುವುದು ಜೋಡಣೆಯ ಕೆಲಸ. ಅದು ತಾನೇ ತೆರೆದು ನೋಡುವ ಪ್ರೋಗ್ರಾಮಲ್ಲ. ಬೇರೆ ಪ್ರೋಗ್ರಾಮುಗಳು ಅದನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತವೆ. ಅಂಥದ್ದಕ್ಕೆ ಲೈಬ್ರರಿ ಎನ್ನುತ್ತಾರಂತೆ.

ಪ್ರಭಾ ನನಗೆ ಅದನ್ನು ಅಡುಗೆಮನೆಯಲ್ಲಿ ಹೇಳಿಕೊಟ್ಟಳು. ನಮ್ಮ ಬೀದಿಯವರ ದೊಡ್ಡ ಕೊಪ್ಪರಿಗೆ ಬಸವನ ಗುಡಿಯಲ್ಲಿ ಇರುತ್ತಿತ್ತಲ್ಲ, ಮದುವೆ ಮನೆಯವರೆಲ್ಲ ಅದನ್ನೇ ತಂದು ಅನ್ನ ಮಾಡುತ್ತಿದ್ದರಲ್ಲ, ಹಾಗೆ ಇದು ಎಂದಳು. ಪ್ರತಿ ಮನೆಯಲ್ಲೂ ಒಂದೊಂದು ಕೊಪ್ಪರಿಗೆ ಇಡಲು ಜಾಗವಿರುವುದಿಲ್ಲ, ಪ್ರತಿ ಪ್ರೋಗ್ರಾಮಿನೊಳಗೂ ಒಂದೊಂದು ಜೋಡಣೆ ಇಡಲು ಆಗುವುದಿಲ್ಲ. ಪ್ರೋಗ್ರಾಮು ಶುರುವಾಗುವಾಗ ‘ಜೋಡಣೆ ಒಂದು ಇದೆಯೇ’ ಎಂದು ಕೇಳುತ್ತದೆ. ಇದ್ದರೆ ಮುಂದುವರಿಯುತ್ತದೆ. ಒಳಗೆ ಏನಿದೆ ಎಂದು ನೋಡುವುದಿಲ್ಲ, ಹೆಸರು ಮತ್ತು ನಂಬರನ್ನು ನಂಬುತ್ತದೆ. ಆದ್ದರಿಂದ ಹಳೆಯ ಪ್ರೋಗ್ರಾಮುಗಳಿಗೆ ಒಗ್ಗದ ಹಾಗೆ ಒಳಗಿನದು ಬದಲಾದರೆ ನಂಬರು ಎರಡಾಗಲೇಬೇಕು. ಆಗ ಒಂದೂ ಎರಡೂ ಅಕ್ಕಪಕ್ಕ ಕೂರುತ್ತವೆ, ಕೇಳಿದವರಿಗೆ ಕೇಳಿದ್ದು ಸಿಗುತ್ತದೆ. ಅವಳು ಹೇಳಿದ್ದು ಇಷ್ಟೇ. ಜಗಳವೆಲ್ಲ ಇದರ ಮೇಲೆಯೇ ಆದದ್ದು.

ಆ ವರ್ಷ ಮಳೆ ಜೋರಾಗಿತ್ತು. ಬ್ಯಾರನ್ನಿನ ಒಲೆಗೆ ಹಾಕುವ ಸೌದೆ ಒಣಗುತ್ತಿರಲಿಲ್ಲ. ಮಾದೇವ ಕಾವು ಏರಿಸುವುದು ಇಳಿಸುವುದು ನೋಡಿಕೊಂಡು ಹೆಚ್ಚು ಹೊತ್ತು ಬ್ಯಾರನ್ನಿನ ಬಾಗಿಲಲ್ಲೇ ಇರುತ್ತಿದ್ದ. ಅಂಥ ಒಂದು ಮಧ್ಯಾಹ್ನ ಕೆ.ಆರ್. ನಗರದ ಬಸ್ಸಿನ ಕಂಡಕ್ಟರ ಕೈಲಿ ಮೇಷ್ಟ್ರು ಒಂದು ಸೀಡಿ ಕಳಿಸಿದರು. ನಮ್ಮ ಫೋನಿನ ಲೈನಿನಲ್ಲಿ ದೊಡ್ಡದೇನೂ ಬರುತ್ತಿರಲಿಲ್ಲ, ಹೀಗೇ ಬಸ್ಸಿನಲ್ಲಿ ಬರಬೇಕಿತ್ತು. ಅದರಲ್ಲಿ ಹೊಸ ಜೋಡಣೆ ಇತ್ತು. ಅಕ್ಷರಗಳು ನಿಜಕ್ಕೂ ಚೆಂದವಾಗಿದ್ದವು. ಮೊದಲು ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು, ಈಗ ಅಚ್ಚಿನ ಪುಸ್ತಕದ ಹಾಗೆ ನಿಂತಿದ್ದವು. ಅರ್ಕಾವೊತ್ತು ಮಾತ್ರ ಇನ್ನೂ ಪಕ್ಕಕ್ಕೆ ಜಾರುತ್ತಿತ್ತು. ಪ್ರಭಾ ಖುಷಿಯಲ್ಲಿ ಅದನ್ನು ಗಂಟು ಕಟ್ಟಿ ಕಳಿಸಿದಳು. ನಂಬರು ಮೇಷ್ಟ್ರು ಹಾಕಿದ್ದೇ ಇತ್ತು, ಒಂದು.

ಮುಂದಿನ ವಾರ ಎಚ್.ಡಿ. ಕೋಟೆಯ ಆಚೆ ಕಾಡಂಚಿನ ಒಂದು ಶಾಲೆಗೆ ಹೋಗಬೇಕಾಗಿತ್ತು. ಕಾಡಿನ ಬುಡಕಟ್ಟಿನವರ ಹಾಡಿಯ ಮಕ್ಕಳು ಅಲ್ಲೇ ಉಳಿದು ಓದುವ ಶಾಲೆ. ಯಾರೋ ಕೊಟ್ಟ ಹಳೆಯ ಕಂಪ್ಯೂಟರುಗಳಿಗೆ ಪ್ರಭಾ ಲಿನಕ್ಸ್ ಹಾಕಿ, ಕನ್ನಡದಲ್ಲಿ ಟೈಪು ಕಲಿಸುವ ಒಂದು ಪ್ರೋಗ್ರಾಮ್ ಇಟ್ಟಿದ್ದಳು. ಬಸುರಿ ಹೆಂಗಸು ಮಳೆಯಲ್ಲಿ ಒಬ್ಬಳೇ ಹೋಗುವುದು ಬೇಡ ಎಂದು ಜೊತೆಗೆ ನಾನೂ ಹೋದೆ. ಅವಳು ಎಲ್ಲ ಕಂಪ್ಯೂಟರಿಗೂ ಹೊಸ ಜೋಡಣೆ ಹಾಕಿದಳು. ಆಮೇಲೆ ಶಾಲೆಯ ಮೇಡಮ್ಮು ಮಕ್ಕಳನ್ನು ಕರೆದು ಕೂರಿಸಿದರು.

ಎರಡು ಜಡೆ ಹಾಕಿದ್ದ ಒಂದು ಹುಡುಗಿ ನನ್ನ ಹತ್ತಿರವೇ ಕೂತಿತ್ತು. ಟೈಪಿನ ಪಾಠ ತೆರೆಯಿತು, ತನ್ನ ಹೆಸರಿನ ಮೊದಲ ಅಕ್ಷರ ಒತ್ತಿತು. ಪರದೆ ಖಾಲಿಯಾಯಿತು, ಪಾಠ ಮಾಯ. ಮತ್ತೆ ತೆರೆದು ಒತ್ತಿತು, ಮತ್ತೆ ಹಾಗೇ ಆಯಿತು. ಆ ಮಗು ಎದ್ದು ಪಕ್ಕಕ್ಕೆ ಸರಿದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತುಕೊಂಡಿತು. ತಾನೇ ಕೆಡಿಸಿದೆ ಅಂದುಕೊಂಡಿತ್ತು. ಅಷ್ಟರಲ್ಲಿ ಬೇರೆ ಮಕ್ಕಳೂ ಒಬ್ಬೊಬ್ಬರಾಗಿ ಎದ್ದು ನಿಂತರು.

ಪ್ರಭಾ ಅಲ್ಲೇ ಕೂತು ಹುಡುಕಿದಳು. ಮೊದಲೆಲ್ಲ ಜೋಡಣೆಗೆ ಪದವನ್ನು ಕೊಟ್ಟು, ಆಮೇಲೆ ಅಕ್ಷರ ಎಷ್ಟು ದಪ್ಪ ಎಂದು ಹೇಳಬೇಕಿತ್ತು. ಮೇಷ್ಟ್ರು ಅದನ್ನು ಅದಲುಬದಲು ಮಾಡಿದ್ದರು, ಮೊದಲು ದಪ್ಪ, ಆಮೇಲೆ ಪದ. ಅವರಿಗೆ ಅದು ಲಕ್ಷಣವಾಗಿ ಕಂಡಿರಬೇಕು. ಹಳೆಯ ಪಾಠದ ಪ್ರೋಗ್ರಾಮಿಗೆ ಅದು ಹೇಗೆ ಗೊತ್ತಾಗಬೇಕು? ಅದು ಎಂದಿನಂತೆ ಪದವನ್ನೇ ಮೊದಲು ಕೊಡುತ್ತಿತ್ತು, ಜೋಡಣೆ ಅದನ್ನು ದಪ್ಪ ಎಂದು ತಿಳಿದು ಮಗುಚಿ ಬೀಳುತ್ತಿತ್ತು. ಹಳೆಯ ಜೋಡಣೆಯನ್ನು ವಾಪಸ್ಸು ಹಾಕಿದಾಗ ಪಾಠ ನಡೆಯಿತು. ಆದರೆ ಮಕ್ಕಳು ಕಾಗದ ಬರೆಯುವ ಇನ್ನೊಂದು ಪ್ರೋಗ್ರಾಮು ಆಗಲೇ ಹೊಸ ಜೋಡಣೆಗೆ ಹೊಂದಿಕೊಂಡಿತ್ತು, ಅದು ನಿಂತುಹೋಯಿತು. ಎರಡಕ್ಕೂ ಒಂದೇ ಹೆಸರು, ಒಂದೇ ನಂಬರು, ಎರಡನ್ನೂ ಒಟ್ಟಿಗೆ ಇಡಲು ಜಾಗವೇ ಇಲ್ಲ. ಪಾಠ ಬರೆದವರು ಎಲ್ಲಿದ್ದಾರೋ, ಹಿಂದೆ ಹಾಕಿದ್ದ ಕಾಗದಕ್ಕೂ ಉತ್ತರ ಬಂದಿರಲಿಲ್ಲ. ಪಾಠ ನಡೆಯಲಿ ಎಂದು ಹಳೆಯದನ್ನೇ ಬಿಟ್ಟು ಬಂದೆವು.

ಮನೆಗೆ ಬಂದ ಪ್ರಭಾ ತನ್ನ ಗುಂಪಿನ ಪದ್ಧತಿಯಂತೆ ಇಂಥ ತಪ್ಪಿದೆ ಎಂದು ಬರೆದು ಹಾಕಿದಳು. ಅಲ್ಲಿ ಬರೆದದ್ದನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದು. ಗುಂಪಿನವರು ಉತ್ತರ ಕೊಟ್ಟರು. ಲಿನಕ್ಸಿನ ಹೊಸ ಬಿಡುಗಡೆಗೆ ಗಂಟು ಸೇರಿಸಿಕೊಳ್ಳುವುದು ನಿಲ್ಲಿಸಿ ಬಾಗಿಲು ಹಾಕುವ ದಿನ ಹತ್ತಿರ ಬಂದಿದೆ, ಅಷ್ಟರೊಳಗೆ ಸರಿಹೋಗದಿದ್ದರೆ ಜೋಡಣೆಯನ್ನೂ ಅದನ್ನು ನೆಚ್ಚಿದ ಕನ್ನಡದ ಪ್ರೋಗ್ರಾಮುಗಳನ್ನೂ ಕೈಬಿಡುತ್ತೇವೆ ಎಂದರು. ಮುಂದಿನ ಸಲ ಆ ಶಾಲೆಗೆ ಹೊಸ ಲಿನಕ್ಸ್ ಹಾಕಿದರೆ ಅದರಲ್ಲಿ ಕನ್ನಡವೇ ಇರುವುದಿಲ್ಲ.

ಅವಳು ಅಪ್ಪನಿಗೆ ಫೋನು ಮಾಡಿದಳು. ಮೇಷ್ಟ್ರು ಫೋನಿನಲ್ಲೂ ತರಗತಿಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದರು, ಒಲೆಯ ಮುಂದಿದ್ದ ನನಗೂ ಕೇಳುತ್ತಿತ್ತು. ನಂಬರು ಎರಡು ಮಾಡಿ ಎಂದು ಇವಳು. ಆಗುವುದಿಲ್ಲ ಎಂದು ಅವರು. ಅರ್ಕಾವೊತ್ತು ಇನ್ನೂ ಸರಿಯಾಗಿಲ್ಲ, ಅದು ಸರಿಯಾಗುವವರೆಗೆ ಒಂದು ಒಂದೇ.

“ಪಾಸಾಗ್ದೆ ಇರೋನ್ನ ಎರಡ್ನೇ ಕ್ಲಾಸಿಗೆ ತಳ್ಳು ಅಂತೀಯೇನವ್ವ? ನನ್ನ ಸರ್ವೀಸಲ್ಲಿ ಅಂಥ ಕೆಲ್ಸ ಮಾಡಿಲ್ಲ.”

“ಇದು ಮಾರ್ಕ್ಸ್ ಕಾರ್ಡಲ್ಲ ಅಪ್ಪಾಜಿ. ಪ್ರೋಗ್ರಾಮು ಗುರುತು ಹಿಡಿಯೋಕೆ ಇರೋ ನಂಬರು.”

“ನಮ್ಮನೇಲಿ ಎಲ್ಲ ಸರಿಯಾಗೇ ನಡೀತದಲ್ಲ.”

“ನೀವು ಎಲ್ಲಾನೂ ಹೊಸದಾಗೇ ಕಟ್ಕೊಂಡಿದ್ದೀರಿ, ನಡೀತದೆ.”

ಅಲ್ಲಿಗೆ ಮುಗಿದಿದ್ದರೆ ಸರಿಹೋಗುತ್ತಿತ್ತು. ಆದರೆ ಅವಳು ಬರೆದು ಹಾಕಿದ್ದನ್ನು ಮೇಷ್ಟ್ರು ಆಗಲೇ ಓದಿದ್ದರು.

“ಊರಿಗೆಲ್ಲ ಕಾಣೋ ಹಂಗೆ ಅಪ್ಪನ ತಪ್ಪು ಬರ್ದಿದ್ದೀಯಲ್ಲ, ನಂಗೊಂದು ಮಾತು ಮೊದ್ಲೇ ಹೇಳ್ಬಾರ್ದಾಗಿತ್ತಾ?”

“ಅದು ನಿಮ್ಮ ಮೇಲೆ ಬರ್ದಿದ್ದಲ್ಲ, ಜೋಡಣೆ ಮೇಲೆ ಬರ್ದಿದ್ದು.”

“ಜೋಡಣೆ ಬರ್ದೋನು ಯಾರು ಹಂಗಾದ್ರೆ?”

ಫೋನು ಇಟ್ಟ ಸದ್ದು ಬಂತು. ಪ್ರಭಾ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತಳು. ನೀನೇ ಎರಡು ಎಂದು ಹಾಕಬಾರದೇ ಎಂದು ಕೇಳಿದೆ.

“ಹಾಕ್ಬೋದು ಅತ್ತೆ. ಆಗ ನಮ್ ಡಿಸ್ಟ್ರೋದಲ್ಲಿ ಅದು ಎರಡು, ಬೇರೆ ಕಡೆ ಅದೇ ಒಂದು. ನಾಳೆ ಅಪ್ಪಾಜಿ ಇನ್ನೇನೋ ಬದಲಾಯ್ಸಿ ತಾವೇ ಎರಡು ಅಂದ್ರೆ? ನನ್ನ ಎರಡೇ ಬೇರೆ, ಅವರ ಎರಡೇ ಬೇರೆ ಆಗೋಯ್ತದೆ. ಆ ನಂಬರು ಬರೆದೋರೇ ಹಾಕ್ಬೇಕು.”

ಆಮೇಲೆ, ಹೆರಿಗೆಗೆ ತವರಿಗೆ ಹೋಗುವುದಿಲ್ಲ ಎಂದುಬಿಟ್ಟಳು. ಹುಣಸೂರಿನಲ್ಲೇ ಡಾಕ್ಟರಿದ್ದಾರೆ, ನೀವಿದ್ದೀರಿ, ಸಾಕು ಎಂದಳು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಅಪ್ಪನೇ ಬಂದು ಕರೆದುಕೊಂಡು ಹೋಗಬೇಕು ಎಂಬುದು ನಮ್ಮಲ್ಲಿ ಬಿಡಲಾಗದ ಪದ್ಧತಿ. ಹೋಗದಿದ್ದರೆ ಜನ ಆಡಿಕೊಳ್ಳುವುದು ಇರಲಿ, ನನಗೆ ಭಯ ಬೇರೆ ಇತ್ತು. ಒಂದು ಸಲ ತಪ್ಪಿದ ದಾರಿ ಮತ್ತೆ ತೆರೆಯುವುದು ಕಷ್ಟ. ನನ್ನ ತವರಿನಲ್ಲೇ ಅಂಥದ್ದನ್ನು ನೋಡಿದ್ದೆ. ಮಾದೇವನಿಗೆ ಹೇಳಿದರೆ ಅವನು, “ಬ್ಯಾರನ್ ಉರೀತಿರೋದು ಸಾಲ್ದು ಅಂತ ಇವರಿಬ್ಬರದು ಬೇರೆ. ಬುಡವ್ವ, ಎರಡೂ ಒಂದೇ ಸೌದೆ, ತಾವೇ ಆರ್ತವೆ” ಎಂದು ಒಲೆ ನೋಡಲು ಹೋದ.

ಕರೆದುಕೊಂಡು ಹೋಗಲು ಗೊತ್ತು ಮಾಡಿದ್ದ ದಿನ ಬಂತು. ಮಳೆ ಬೆಳಗಿನಿಂದ ಹಿಡಿದಿತ್ತು, ಕರೆಂಟು ಇತ್ತು, ಫೋನು ಸತ್ತಿತ್ತು. ಗುಂಪಿನವರು ಬಾಗಿಲು ಹಾಕುವ ದಿನ ಅದರ ಮಾರನೆಯ ದಿನವೇ. ಪ್ರಭಾ ಬಟ್ಟೆ ಕಟ್ಟಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬಾಡಿಗೆ ಕಾರು ಬಂದು ನಿಂತಿತು. ಮೇಷ್ಟ್ರು, ಅವರ ಹೆಂಡತಿ ಗೌರಮ್ಮ ಇಳಿದರು. ಹಣ್ಣು, ಹೂವು, ಚಿಗಳಿ, ತಂಬಿಟ್ಟು ಎಲ್ಲ ತಂದಿದ್ದರು. ಮೇಷ್ಟ್ರು ಕೊಡೆ ಮಡಿಸಿ ಜಗುಲಿಯ ಮೇಲೆ ಕೂತು ಮಳೆ ನೋಡುತ್ತಿದ್ದರು. ಮಗಳು ಉಗ್ರಾಣದಿಂದ ಹೊರಗೆ ಬರಲಿಲ್ಲ. ಗೌರಮ್ಮ ಒಳಗೆ ಹೋದವರು ಅವಳ ಹತ್ತಿರ ಪಿಸುಮಾತಿನಲ್ಲಿ ಹೇಳಿ ಹೇಳಿ ಸೋತು ಹೊರಗೆ ಬಂದರು.

ಅಂಥ ಶುಭದ ದಿನ ಗಂಡನಿಲ್ಲದ ನಾನು ಮುಂದೆ ಬರುವ ಪದ್ಧತಿ ಇರಲಿಲ್ಲ. ಮಡಿಲು ತುಂಬಲು ಪಕ್ಕದ ಮನೆಯ ರತ್ನಮ್ಮನಿಗೆ ಹೇಳಿಯಾಗಿತ್ತು. ಬೀಗರ ಎದುರು ನಿಂತು ನಾನು ಅಲ್ಲಿಯವರೆಗೆ ಊಟಕ್ಕೆ ಏಳಿ ಎಂದು ಕೂಡ ಹೇಳಿದವಳಲ್ಲ, ಬಾಗಿಲ ಮರೆಯಿಂದ ಮಾದೇವನ ಕೈಲಿ ಹೇಳಿಸುತ್ತಿದ್ದೆ. ಅವತ್ತು ಮಾದೇವ ಬ್ಯಾರನ್ನಿನಲ್ಲಿದ್ದ. ಕಾಫಿ ಲೋಟ ಹಿಡಿದು ನಾನೇ ಜಗುಲಿಗೆ ಬಂದೆ. ಲೋಟ ಕೆಳಗಿಟ್ಟು ಒಳಗೆ ಹೋಗಬೇಕೆಂದಿದ್ದವಳು ಹೋಗಲಿಲ್ಲ.

“ಬೀಗ್ರೇ, ಕೋಟೆ ಸ್ಕೂಲಿಗೆ ನಾನೂ ಹೋಗಿದ್ದೆ” ಅಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. ನೋಡಿದ್ದನ್ನು ಹೇಳಿದೆ. ಆ ಮಗು ಅಕ್ಷರ ಒತ್ತಿದ್ದು, ಪಾಠ ಹೋದದ್ದು, ಮತ್ತೆ ಒತ್ತಿದ್ದು. ನಂಬರಿನ ಮಾತು ಎತ್ತಲಿಲ್ಲ, ಅದು ನನಗೆ ಬರುವಂಥದ್ದಲ್ಲ.

ಮೇಷ್ಟ್ರು ಮಳೆಯ ಕಡೆಯೇ ನೋಡುತ್ತಾ, “ಆ ಮಗು ಏನಂತು?” ಎಂದರು.

“ಏನೂ ಅನ್ಲಿಲ್ಲ. ಎದ್ದು ಕೈಯೆರಡೂ ಹಿಂದಕ್ ಕಟ್ಕೊಂಡು ನಿಂತ್ಕತ್ತು.”

ಅವರು ನನ್ನ ಕಡೆ ತಿರುಗಿದರು. ಕೈ ಹಿಂದೆ ಕಟ್ಟಿ ನಿಲ್ಲುವ ಮಕ್ಕಳನ್ನು ಅವರು ಎಷ್ಟು ವರ್ಷ ನೋಡಿದ್ದರೋ. ಏಟು ಬೀಳುತ್ತದೆ ಎಂದು ಗೊತ್ತಿರುವ ಮಗು ಹಾಗೆ ನಿಲ್ಲುತ್ತದೆ. ಕಾಫಿ ಮುಟ್ಟದೆ ಎದ್ದು ಉಗ್ರಾಣಕ್ಕೆ ಹೋದರು.

“ಎಲ್ಲವ್ವ, ಆ ಪಾಠ ತೆಗಿ” ಎಂದರು.

ಪ್ರಭಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೂತು ಒಂದು ಅಕ್ಷರ ಒತ್ತಿದರು. ಪಾಠ ಮಾಯವಾಯಿತು. ಇನ್ನೊಂದು ಅಕ್ಷರ, ಮತ್ತೊಂದು, ಒತ್ತುತ್ತಲೇ ಹೋದರು. ಗಣಿತದವರಲ್ಲವೇ, ಒಂದು ಸಲಕ್ಕೆ ನಂಬುವುದಿಲ್ಲ. ಕೊನೆಗೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಆದ್ರೂ ಅರ್ಕಾವೊತ್ತು ಸರಿಯಾಗಿಲ್ಲ ಕಣವ್ವ. ಎರಡು ಅಂತ ಹೆಂಗೆ ಬರೀಲಿ?” ಎಂದರು. ಮೊದಲಿನ ಗಡಸು ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಪ್ರಭಾ ಪಕ್ಕದ ರಾಗಿ ಮೂಟೆಯ ಮೇಲೆ ಕೂತಳು. ಎರಡು ಬಗೆಯ ನಂಬರು ಇರುತ್ತವೆ ಅಪ್ಪಾಜಿ, ನೀವು ಅವೆರಡನ್ನೂ ಒಂದೇ ಮಾಡಿಕೊಂಡಿದ್ದೀರಿ ಎಂದಳು. ಜನ ನೋಡುವುದಕ್ಕೆ ಹೊರಗೊಂದು ನಂಬರು. ಅದು ಎಷ್ಟಾದರೂ ಇರಲಿ, ಅರ್ಕಾವೊತ್ತು ಸರಿಯಾಗುವವರೆಗೆ ನೀವು ಬೇಕೆಂದ ಹಾಗೆ ಅದನ್ನು ಕೆಳಗೇ ಇಟ್ಟುಕೊಳ್ಳಿ. ಪ್ರೋಗ್ರಾಮುಗಳು ಕೇಳುವುದು ಒಳಗಿನ ನಂಬರನ್ನು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅದು ಹೇಳುವುದಿಲ್ಲ. ಹಿಂದಿನದರ ಹಾಗೆ ಇದನ್ನು ಕರೆದರೆ ನಡೆಯುವುದಿಲ್ಲ ಎಂದಷ್ಟೇ ಹೇಳುತ್ತದೆ. ಬಹಳ ಚೆನ್ನಾಗಿ ತಿದ್ದಿದರೂ ಕರೆಯುವ ರೀತಿ ಹಾಗೇ ಇದ್ದರೆ ಅದು ಬದಲಾಗಬಾರದು. ಬರೀ ಇಷ್ಟು ಅದಲುಬದಲು ಮಾಡಿದರೂ ಬದಲಾಗಬೇಕು.

ಮೇಷ್ಟ್ರು ಅದನ್ನು ಮನಸ್ಸಿನಲ್ಲಿ ತಿರುವಿ ಹಾಕಿದರು. “ಅಂದ್ರೆ ಹೊರಗಿಂದು ಮಾರ್ಕ್ಸು. ಒಳಗಿಂದು ಹಾಜರಿ ನಂಬರು.”

“ಹಂಗೇ ಅಂದ್ಕೊಳಿ.”

“ಇದನ್ನ ಫೋನಲ್ಲೇ ಹಿಂಗೇ ಹೇಳ್ಬೋದಿತ್ತಲ್ಲವ್ವ.”

“ನೀವು ಹೇಳೋಕೆ ಬಿಟ್ರಾ?”

ಗೌರಮ್ಮ ಬಾಗಿಲಲ್ಲಿ ನಿಂತು, ರಾಹುಕಾಲ ಬರುತ್ತದೆ, ಮಾತು ಆಮೇಲೆ ಆಡಿ ಎಂದರು. ಯಾರೂ ಏಳಲಿಲ್ಲ. ಅಪ್ಪ ಮಗಳು ಸೇರಿ ಒಳಗಿನ ನಂಬರನ್ನು ಎರಡು ಮಾಡಿದರು. ಹಳೆಯ ಒಂದನ್ನು ಹಾಗೇ ಒಂದು ಗಂಟಾಗಿ ಉಳಿಸಿದರು, ಎರಡನ್ನು ಬೇರೆ ಗಂಟು ಕಟ್ಟಿ, ಕಾಗದ ಬರೆಯುವ ಪ್ರೋಗ್ರಾಮು ಅದನ್ನೇ ಕೇಳುವ ಹಾಗೆ ಮಾಡಿದರು. ಎರಡನ್ನೂ ಹಾಕಿ ಮೇಷ್ಟ್ರು ಮತ್ತೆ ಪಾಠ ತೆರೆದು ಅಕ್ಷರ ಒತ್ತಿದರು. ಪಾಠ ಮಾಯವಾಗಲಿಲ್ಲ. ಕಾಗದ ಬರೆಯುವ ಪ್ರೋಗ್ರಾಮೂ ನಡೆಯಿತು. ಓದಿ ಎಂದು ನನಗೆ ಹೇಳಿದರು. ‘ಹಬ್ಬದ ದಿನ ಅಜ್ಜಿ ಬಂದಳು’ ಎಂದು ಪಾಠದಲ್ಲಿತ್ತು, ಓದಿದೆ. ಒತ್ತುಗಳು ಹಳೆಯ ಹಾಗೆ ಕೆಳಗಿನ ಸಾಲಿಗೆ ತಾಗುತ್ತಿದ್ದವು. ಇರಲಿ, ಅದು ಒಂದನೆಯದಲ್ಲವೇ ಎಂದರು ಮೇಷ್ಟ್ರು.

ಆದರೆ ಫೋನಿಲ್ಲದೆ ಕಳಿಸುವುದು ಹೇಗೆ? ಕಟ್ಟಿದ್ದನ್ನು ಸೀಡಿಗೆ ಹಾಕಿಕೊಂಡರು. ಪ್ರಭಾ ಐದು ನಿಮಿಷದಲ್ಲಿ ಬಟ್ಟೆ ಕಟ್ಟಿದಳು, ರತ್ನಮ್ಮ ಮಡಿಲು ತುಂಬಿದರು, ಕಾರು ಹೊರಟಿತು. ಗಾಬರಿಯಲ್ಲಿ ಅವಳು ನನ್ನ ಕೈ ಬಿಡದೆ ಎಳೆದುಕೊಂಡಿದ್ದರಿಂದ ಹುಣಸೂರಿನವರೆಗೆ ನಾನೂ ಹೋದೆ. ತವರಿಗೆ ಹೊರಟ ಬಸುರಿ ದಾರಿಯ ನಡುವೆ ಇಳಿಯಬಾರದು ಎನ್ನುತ್ತಾರೆ. ಕಂಪ್ಯೂಟರ್ ಸೆಂಟರಿನ ಮುಂದೆ ಕಾರು ನಿಂತಾಗ ಗೌರಮ್ಮ ಮಗಳ ಸೆರಗು ಹಿಡಿದುಕೊಂಡರು. “ಇಳೀಲಿ ಬುಡು. ನಮ್ಮ ಮನೆ ಕೆಲ್ಸಾನೇ ಅದು, ತವರು ಇಲ್ಲಿಂದ್ಲೇ ಶುರು ಅಂದ್ಕೊ” ಎಂದು ಮೇಷ್ಟ್ರೇ ಕೊಡೆ ಬಿಚ್ಚಿ ಹಿಡಿದರು. ಮಡಿಲಿನ ಅಕ್ಕಿ ಕಾಯಿ ಹಾಗೆಯೇ ಕಟ್ಟಿಕೊಂಡು ಅವಳು ಕಂಪ್ಯೂಟರಿನ ಮುಂದೆ ಕೂತಳು. ಅಲ್ಲಿ ಕಲಿಯುತ್ತಿದ್ದ ಹುಡುಗಿಯರು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು.

ಗಂಟುಗಳು ಹೋದ ಮೇಲೆ, ತಾನು ಬರೆದು ಹಾಕಿದ್ದ ದೂರನ್ನು ಸರಿಯಾಯಿತು ಎಂದು ಮುಚ್ಚಲು ಪ್ರಭಾ ಕೈ ಹಾಕಿದಳು. ಮೇಷ್ಟ್ರು ತಡೆದರು.

“ತಪ್ಪು ಅಂತ ನೀನು ಬರ್ದೆ. ಹೌದು ಅಂತ ನಾನು ಬರೀತೀನಿ. ಊರೋರೆಲ್ಲ ಅದನ್ನೂ ಓದ್ಲಿ.”

ನಿಂತುಕೊಂಡೇ ಒಂದೊಂದು ಬೆರಳಿನಲ್ಲಿ ಟೈಪು ಮಾಡಿದರು. ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರಲಿಲ್ಲ. ಪ್ರಭಾ ಓದಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನೆಂದು ನಾನು ಕೇಳಲಿಲ್ಲ. ಅವರ ಕಾರು ಕೆ.ಆರ್. ನಗರದ ಕಡೆ ಹೋಯಿತು, ನಾನು ಬಸ್ಸು ಹತ್ತಿ ಊರಿಗೆ ಬಂದೆ. ಬಾಗಿಲು ಹಾಕುವ ಮೊದಲೇ ಜೋಡಣೆ ಒಳಗೆ ಸೇರಿತು ಎಂದು ಆಮೇಲೆ ಫೋನು ಸರಿಹೋದಾಗ ತಿಳಿಯಿತು. ಪೃಥ್ವಿ, ನೀನು ಹುಟ್ಟಿದ ಸುದ್ದಿಯನ್ನೂ ಅದೇ ಫೋನಿನಲ್ಲಿ ಮೇಷ್ಟ್ರೇ ಹೇಳಿದರು, ತರಗತಿಯಲ್ಲಿ ಹೇಳುವ ಹಾಗೆಯೇ. ಬ್ಯಾರನ್ನಿನ ಬಾಗಿಲಲ್ಲಿದ್ದ ನಿಮ್ಮ ಅಪ್ಪನಿಗೂ ಕೇಳಿಸಿತು.

ಬಾಣಂತನ ಮುಗಿಸಿ ಬಂದ ಮೇಲೆ ಪ್ರಭಾ ಮತ್ತೆ ಕೋಟೆಯ ಶಾಲೆಗೆ ಹೋದಳು, ಮಗುವನ್ನು ಎತ್ತಿಕೊಳ್ಳಲು ನಾನೂ ಹೋದೆ. ಒಂದೂ ಎರಡೂ ಅಕ್ಕಪಕ್ಕ ಕೂತವು. ಎರಡು ಜಡೆಯ ಹುಡುಗಿ ತನ್ನ ಹೆಸರು ಪೂರ್ತಿ ಬರೆಯಿತು. ಗೌರಿ ಎಂದಿತ್ತು. ಆ ಮಗುವಿನ ಹೆಸರು ನನಗೆ ಗೊತ್ತಾದದ್ದು ಆಗಲೇ.

ಹಳೆಯ ಜೋಡಣೆ ಒಂದು ಬಹಳ ವರ್ಷ ಇತ್ತು. ಹೊಸದು ಬಂತೆಂದು ಪ್ರಭಾ ಅದನ್ನು ತೆಗೆಯಲಿಲ್ಲ. ಅದನ್ನು ಕೇಳುವ ಕೊನೆಯ ಪ್ರೋಗ್ರಾಮೂ ಎರಡಕ್ಕೆ ಹೊಂದಿಕೊಂಡ ಮೇಲೆ ಅಪ್ಪನಿಗೆ ಫೋನು ಮಾಡಿ, ತೆಗೆಯಲೇ ಎಂದು ಕೇಳಿದಳು. ಇನ್ನು ಯಾರೂ ಕೇಳುತ್ತಿಲ್ಲವೇ ಎಂದು ಅವರು ಒಂದು ಸಲ ಕೇಳಿ, ಹಾಗಿದ್ದರೆ ತೆಗಿ ಎಂದರಂತೆ. ಅಷ್ಟರಲ್ಲಿ ಅರ್ಕಾವೊತ್ತು ಸರಿಯಾಗಿತ್ತು. ಹೊರಗಿನ ನಂಬರನ್ನು ಅವರು ಆಗಷ್ಟೇ ಏರಿಸಿದ್ದರು.

ಈ ಹಾಳೆಗಳನ್ನು ನೀರು ಇರುವೆ ತಾಗದ ಕಡೆ ಇಡಿ ಮಕ್ಕಳೇ. ಮೇಘನಾ ಇದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡುತ್ತೇನೆ ಎಂದಿದ್ದಾಳೆ. ನನ್ನ ಬರವಣಿಗೆಯಲ್ಲಿ ತಿದ್ದುವುದು ಬೇಕಾದಷ್ಟಿರುತ್ತದೆ, ತಿದ್ದಲಿ, ಹಿಂದೆಮುಂದೆ ಮಾಡಲಿ. ಹಾಗೆ ಮಾಡಿದರೆ ಅದರ ಮೇಲೆ ಎರಡು ಎಂದು ಬರೆಯಲಿ. ಇದು ಒಂದು ಎಂದು ಹೀಗೆಯೇ ಪಕ್ಕದಲ್ಲಿರಲಿ. ಇದನ್ನೇ ಕೇಳಿಕೊಂಡು ಬರುವವರು ಯಾರಾದರೂ ಇರುವಷ್ಟು ದಿನ ಇಟ್ಟಿರಿ. ಆಮೇಲೆ ತೆಗೆಯುವುದಾದರೆ, ನಾನಿದ್ದರೆ ನನ್ನನ್ನು ಒಂದು ಮಾತು ಕೇಳಿ ತೆಗೆಯಿರಿ.